ಮೆಗಾಬ್ಲಾಕ್ ಆಮ್ಲೆಟ್: ಬಳಕೆದಾರರ ಕೈಪಿಡಿ

ಬಳಸುವ ಮುನ್ನ

ಹೊಸ ಮಿಕ್ಸರಿನ ಜೊತೆ ಬರುವ ಪುಸ್ತಿಕೆಯನ್ನು ನಮ್ಮ ಮನೆಯಲ್ಲಿ ಈವರೆಗೆ ಯಾರೂ ಓದಿದ್ದಿಲ್ಲ. ಅದು ನೇರವಾಗಿ ಕಪಾಟಿನ ಕೆಳಗಿನ ಖಾನೆಗೆ ಹೋಗಿ, ಹಳೆಯ ರೇಷನ್ ಕಾರ್ಡು, ಗೀಸರಿನ ವಾರಂಟಿ ಕಾಗದಗಳ ಜೊತೆ ಸಂಸಾರ ಹೂಡುತ್ತದೆ. ಈ ಕೈಪಿಡಿಗೂ ಅದೇ ಗತಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೀಗೊಂದು ಕೈಪಿಡಿ ಇಲ್ಲದೆ ನಾನು ಮೂರು ಆದಿತ್ಯವಾರ, ಹದಿನೇಳು ಮೊಟ್ಟೆ, ಮತ್ತು ಅಡುಗೆಮನೆಯಲ್ಲಿ ಇದ್ದಬದ್ದ ಮರ್ಯಾದೆ ಕಳೆದುಕೊಂಡಿದ್ದೇನೆ.

ಸಾಧನದ ಪರಿಚಯ

ಹೆಸರು ತೋರ್ತಿಯಾ ದೆ ಪಟಾಟಾಸ್. ತವರು ಸ್ಪೇನ್. ಒಳಗಿರುವುದು ಮೊಟ್ಟೆ, ಬಟಾಟೆ, ಎಣ್ಣೆ, ಉಪ್ಪು, ಕೆಲವರಲ್ಲಿ ನೀರುಳ್ಳಿ. ಇಷ್ಟೇ. ನೋಡಲಿಕ್ಕೆ ಎರಡು ಬೆರಳು ದಪ್ಪದ ಸೆಟ್ ದೋಸೆಯ ಹಾಗೆ. ಕೊಯ್ದರೆ ಒಳಗೆ ಬಟಾಟೆಯ ತೆಳು ಪದರಗಳು. ಮಗಳು ಇದನ್ನು ‘ಬ್ರಂಚ್’ ಎಂದಳು. ಆ ಶಬ್ದವನ್ನು 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ ಚಾಲ್ತಿಗೆ ತಂದದ್ದು, ಶನಿವಾರ ರಾತ್ರಿ ಗಮ್ಮತ್ತು ಮಾಡಿ ತಡವಾಗಿ ಏಳುವವರ ಪರವಾಗಿ ವಕಾಲತ್ತು ಮಾಡುತ್ತ. ನಮ್ಮಲ್ಲಿ ಕಾರಣ ಬೇರೆ. ಆರು ದಿನ ಮುಂಬಯಿಯ ಮುಲುಂಡಿನಲ್ಲಿ ಬೆಳಗಿನ ಫಾಸ್ಟ್ ಲೋಕಲಿಗೆ ನೇತುಬಿದ್ದವ ಏಳನೆಯ ದಿನ ಒಂಬತ್ತಕ್ಕೆ ಮೊದಲು ಕಣ್ಣು ಬಿಡುವುದಿಲ್ಲ. ತಿಂಡಿಯ ಹೊತ್ತು ಮೀರಿರುತ್ತದೆ, ಊಟದ ಹೊತ್ತು ಆಗಿರುವುದಿಲ್ಲ.

ಎಚ್ಚರಿಕೆ: ಮಾಲಿಗೆ ಹೋಗಿ ‘ಟೋರ್ಟಿಯಾ’ ಎಂದು ಕೇಳಬೇಡಿ. ಕೊಡುವುದು ಮೆಕ್ಸಿಕೋದವರ ರೊಟ್ಟಿಯ ಪ್ಯಾಕೆಟ್ಟು. ನಾನು ತಂದಿದ್ದೆ. ಹೆಂಡತಿ ಅದನ್ನು ತಿರುಗಿಸಿ ನೋಡಿ, ಬೆಲೆ ಓದಿ, “ಚಪಾತಿಗೆ ಇಷ್ಟಾ?” ಎಂದು ಕೇಳಿ ಒಳಗೆ ಹೋದಳು. ಹೆಸರು ಒಂದೇ ಆದರೂ ಇವೆರಡಕ್ಕೂ ಸಂಬಂಧವಿಲ್ಲ.

ಇಷ್ಟೆಲ್ಲ ಹೊರಗಿನದು ಎನ್ನುವಾಗ ಒಂದು ಮಾತು ಹೇಳಬೇಕು. ನಮ್ಮ ಮುಲುಂಡ್ ಇರುವ ಸಾಷ್ಟಿ ದ್ವೀಪ, ಬಾಂದ್ರಾ, ವಸಾಯಿ, ಮುಂಬಯಿಯ ದ್ವೀಪಗಳು ಎಲ್ಲವೂ 1534ರಲ್ಲಿ ಪೋರ್ಚುಗೀಸರ ಕೈಸೇರಿದವು. 1580ರಿಂದ 1640ರವರೆಗೆ ಪೋರ್ಚುಗಲ್ಲಿಗೂ ಸ್ಪೇನಿಗೂ ಒಬ್ಬನೇ ದೊರೆ. ಅಂದರೆ ಅರವತ್ತು ವರ್ಷ ನಾವು ಸ್ಪೇನಿನ ಅರಸನ ಪ್ರಜೆಗಳು! ಆತ ಆಮ್ಲೆಟ್ಟಿನ ವಿಧಾನ ಬಿಟ್ಟುಹೋಗಲಿಲ್ಲ, ಅದು ಅವನ ತಪ್ಪಲ್ಲ; ಆಗ ಅವನಿಗೇ ಅದು ಗೊತ್ತಿದ್ದಂತಿಲ್ಲ. ಪೋರ್ಚುಗೀಸರು ಮಾತ್ರ ಶಬ್ದ ಬಿಟ್ಟುಹೋದರು. ಅವರ ‘ಬತಾತ’ ಮರಾಠಿಯಲ್ಲಿ ಬಟಾಟಾ, ನಮ್ಮ ಕರಾವಳಿಯಲ್ಲಿ ಬಟಾಟೆ. ಸ್ಪೇನಿನವರದು ಪಟಾಟಾ. ಹಾಸನದ ಕಡೆಯ ನನ್ನ ಸಹೋದ್ಯೋಗಿ ‘ಆಲೂಗಡ್ಡೆ ಅನ್ನಿ ಸ್ವಾಮಿ’ ಎಂದು ಇಪ್ಪತ್ತು ವರ್ಷ ತಿದ್ದಿದ. ಈಗ ಅವನಿಗೆ ಹೇಳಲು ನನ್ನ ಬಳಿ ಒಂದು ಸಾಮ್ರಾಜ್ಯವೇ ಇದೆ.

ಇನ್ನು ಮೊಟ್ಟೆ-ಬಟಾಟೆಯ ಮದುವೆ ಮಾಡಿಸಲು ಈ ಊರಿಗೆ ಸ್ಪೇನಿನ ಪುರೋಹಿತರು ಬೇಕಾಗಿರಲೂ ಇಲ್ಲ. ಪಾರ್ಸಿಗಳ ಮನೆಯಲ್ಲಿ ‘ಪಪೇಟಾ ಪರ್ ಈಡು’ ಎಂಬುದಿದೆ: ಬಟಾಟೆ ಬೇಯಿಸಿ ಹರಡಿ, ಮೇಲೆ ಮೊಟ್ಟೆ ಒಡೆದು ಮುಚ್ಚುವುದು. ಬಟಾಟೆಯನ್ನು ಕಡ್ಡಿಯಂತೆ ಸೀಳಿ ಕರಿದದ್ದು ‘ಸಲಿ’. ಅದರ ಮೇಲೆ ಒಡೆದರೆ ಸಲಿ ಪರ್ ಈಡು. ಬೆಂಡೆಕಾಯಿ, ಟೊಮೆಟೊ, ಯಾವುದು ಕಂಡರೂ ಅದರ ಮೇಲೊಂದು ಮೊಟ್ಟೆ ಒಡೆಯದೆ ಆ ಜನಕ್ಕೆ ಸಮಾಧಾನವಿಲ್ಲ. ಮಗುಚುವ ಕಷ್ಟ ಬೇಡ ಎನ್ನುವವರು ಇಲ್ಲಿಗೇ ನಿಲ್ಲಿಸಿ ಅದನ್ನೇ ಮಾಡಿಕೊಳ್ಳಿ. ನನಗೇನೂ ಬೇಸರವಿಲ್ಲ.

ಬಿಡಿಭಾಗಗಳು

ಬಟಾಟೆ ಅರ್ಧ ಕಿಲೋಕ್ಕಿಂತ ತುಸು ಹೆಚ್ಚು, ಮೊಟ್ಟೆ ಆರು, ನೀರುಳ್ಳಿ ಒಂದು.

ಬಟಾಟೆಯದೇ ದೊಡ್ಡ ಕಥೆ. ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದಕ್ಕೆ ಸಿಹಿ ಹಿಡಿದಿರುತ್ತದೆ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗಿರುತ್ತದೆ. ಎಣ್ಣೆಗೆ ಬಿದ್ದ ಕೂಡಲೇ ಕಪ್ಪಾಗುತ್ತದೆ, ಒಳಗೆ ಮಾತ್ರ ಬೆಂದಿರುವುದಿಲ್ಲ. ಗಾಡಿಯವನಲ್ಲಿ ಹೊಸ ಮಾಲು ಕೇಳಿ, ಉಗುರಿನಿಂದ ಗೀರಿ ನೋಡಿ: ಸಿಪ್ಪೆ ಸಡಿಲವಾಗಿ ಎದ್ದರೆ ಹೊಸದು. ಅವನು “ಕಾಕಾ, ಭಾಜಿಗಾ ವಡೆಗಾ?” ಎಂದು ಕೇಳುತ್ತಾನೆ. ಸ್ಪೇನಿಗೆ ಎನ್ನಬೇಡಿ. ಭಾಜಿಗೆ ಅನ್ನಿ.

ಮೊಟ್ಟೆ ತರುವುದಕ್ಕೆ ಜಾಣತನ ಬೇಕು. ನಮ್ಮ ಗಲ್ಲಿ ಪೂರ್ತಿ ಗುಜರಾತಿ, ಜೈನರದು. ಒಳ್ಳೆಯ ಜನ, ಕಷ್ಟಕ್ಕೆ ಮೊದಲು ಓಡಿಬರುವವರು, ಆದರೆ ಗಲ್ಲಿಯ ಯಾವ ಅಂಗಡಿಯಲ್ಲೂ ಮೊಟ್ಟೆಯಿಲ್ಲ. ಸ್ಟೇಷನ್ ಬಳಿಯಿಂದ ತಂದು ಕೊತ್ತಂಬರಿ ಕಟ್ಟಿನ ಅಡಿಗಿಟ್ಟು ಲಿಫ್ಟ್ ಹತ್ತಬೇಕು. ನಾಲ್ಕನೆಯ ಮಹಡಿಯ ಬೆನ್ ಚೀಲದತ್ತ ನೋಡಿ “ಕೊತ್ತಂಬರಿ ಏನು ರೇಟು?” ಎಂದು ಕೇಳುತ್ತಾರೆ. ಧ್ವನಿ ನಡುಗದಂತೆ ಉತ್ತರಿಸುವುದು ಅಭ್ಯಾಸದಿಂದ ಬರುತ್ತದೆ.

ಪಾತ್ರೆ: ಇಪ್ಪತ್ತೆರಡು ಸೆಂಟಿಮೀಟರ್ ಅಗಲದ ನಾನ್‌ಸ್ಟಿಕ್ ಪ್ಯಾನು. ದೋಸೆ ಕಾವಲಿಯನ್ನು ಮುಟ್ಟಕೂಡದು. ಇಪ್ಪತ್ತು ವರ್ಷದಿಂದ ಹದಗೊಂಡ ಕಾವಲಿಗೆ ಮೊಟ್ಟೆ ಸೋಕಿದರೆ ಮನೆಯಲ್ಲಿ ಏನಾಗುತ್ತದೆ ಎನ್ನುವುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಮೊಟ್ಟೆಯ ಪ್ಯಾನು ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ನಿನ ಹಿಂದೆ, ಅದರದೇ ಸಟ್ಟುಗದ ಜೊತೆ ವಾಸವಾಗಿದೆ. ಅಮ್ಮ ಊರಿನಿಂದ ಬಂದಿದ್ದಾಗ ಅದಕ್ಕೊಂದು ಗೋಣಿ ಹೊದಿಸುತ್ತೇವೆ.

ಎಣ್ಣೆ: ಕಾಲು ಲೀಟರಿಗೆ ಕಡಿಮೆಯಿಲ್ಲ. ಆಲಿವ್ ಎಣ್ಣೆಯಾದರೆ ಶಾಸ್ತ್ರೋಕ್ತ. ಶೇಂಗಾ ಎಣ್ಣೆಯಲ್ಲೂ ಚೆನ್ನಾಗಿಯೇ ಆಗುತ್ತದೆ. ತೆಂಗಿನೆಣ್ಣೆಯಲ್ಲಿ ಒಮ್ಮೆ ಮಾಡಿದೆ. ಮನೆಯಿಡೀ ಬಾಳೆಕಾಯಿ ಚಿಪ್ಸಿನ ವಾಸನೆ.

ಜೋಡಿಸುವ ವಿಧಾನ

ಬಟಾಟೆ ಸಿಪ್ಪೆ ತೆಗೆದು ಒಂದು ರೂಪಾಯಿ ನಾಣ್ಯದಷ್ಟು ದಪ್ಪಕ್ಕೆ ಬಿಲ್ಲೆ ಮಾಡಿ. ಒರೆಸಿ, ಉಪ್ಪು ಸವರಿ. ಎಣ್ಣೆ ಬಿಸಿಯಾದ ಮೇಲೆ ಹಾಕಿ, ಉರಿಯನ್ನು ತಗ್ಗಿಸಿಬಿಡಿ.

ನಾವು ಕರಾವಳಿಯವರು ಎಡವುವುದು ಇಲ್ಲಿ. ಎಣ್ಣೆ ಎಂದರೆ ನಮಗೆ ಕರಿಯುವುದು, ಚುರ್ ಎನ್ನಬೇಕು, ಹೊಂಬಣ್ಣ ಬರಬೇಕು. ಇಲ್ಲಿ ಹಾಗಲ್ಲ. ಬಟಾಟೆ ಎಣ್ಣೆಯಲ್ಲಿ ಬೇಯಬೇಕು, ಅನ್ನ ನೀರಿನಲ್ಲಿ ಬೇಯುವ ಹಾಗೆ. ಕಿವಿಗೊಟ್ಟು ಕೇಳಿ: ಸದ್ದು ಆಷಾಢದ ಜಿಟಿಜಿಟಿ ಮಳೆಯಂತಿದ್ದರೆ ಸರಿ, ತಗಡಿನ ಮಾಡಿನ ಮೇಲೆ ಜಡಿಮಳೆ ಬಿದ್ದಂತಾದರೆ ಉರಿ ಹೆಚ್ಚಾಯಿತು. ನಾಲ್ಕೈದು ನಿಮಿಷ ಕಳೆದು ನೀರುಳ್ಳಿಯನ್ನೂ ಹಾಕಿ. ಇಪ್ಪತ್ತು ನಿಮಿಷಕ್ಕೆ ಸಟ್ಟುಗದ ಅಂಚು ತಾಗಿಸಿದರೆ ಬಿಲ್ಲೆ ತಾನಾಗಿ ಮುರಿಯುತ್ತದೆ. ಅಂಚುಗಳು ಗಾಜಿನಂತೆ ಪಾರದರ್ಶಕ, ಬಣ್ಣ ಹಾಗೇ ಬಿಳಿ. ಈ ಇಪ್ಪತ್ತು ನಿಮಿಷ ಮೊಬೈಲ್ ಮುಟ್ಟಬೇಡಿ. ನನ್ನ ಎರಡನೆಯ ಆದಿತ್ಯವಾರ ಹೋದದ್ದು ಹಾಗೆ.

ನೀರುಳ್ಳಿಯ ವಿಷಯದಲ್ಲಿ ಸ್ಪೇನಿನಲ್ಲಿ ಎರಡು ಪಕ್ಷಗಳಿವೆ: ಹಾಕಬೇಕು ಎನ್ನುವವರು, ಹಾಕಿದರೆ ಕುಲಗೆಟ್ಟಿತು ಎನ್ನುವವರು. ಗಲಿಷಿಯಾದ ಬೆತಾಂಜೋಸ್ ಊರಿನವರು ಎರಡನೆಯ ಪಕ್ಷ; ಅವರ ಆಮ್ಲೆಟ್ಟಿನ ಒಳಗು ಹರಿಯುತ್ತಿರುತ್ತದೆ. ಸಾಂಬಾರಿಗೆ ಬೆಲ್ಲ ಬೇಕೋ ಬೇಡವೋ ಎಂದು ಜಗಳಾಡಿದವರಿಗೆ ಇದು ವಿವರಿಸಬೇಕಾಗಿಲ್ಲ. ನಾನು ನೀರುಳ್ಳಿಯ ಪಕ್ಷ. ಸಿಹಿಯಾಗಿ ಕರಗಿದ ನೀರುಳ್ಳಿ ಇಲ್ಲದಿದ್ದರೆ ಅದು ಜ್ವರ ಬಂದವರ ಪಥ್ಯ.

ಎಣ್ಣೆ ಸೋಸಿ ತೆಗೆದಿಡಿ. ಮುಕ್ಕಾಲು ಪಾಲು ವಾಪಸು ಬರುತ್ತದೆ. ಇದನ್ನು ಹೆಂಡತಿಗೆ ಮೊದಲೇ ಹೇಳಿ. ಬಿಸಿ ಬಟಾಟೆಯನ್ನು ಕಲಕಿದ ಮೊಟ್ಟೆಗೆ ಹಾಕಿ ಹತ್ತು ನಿಮಿಷ ಬಿಡಿ.

ಈ ಹತ್ತು ನಿಮಿಷದಲ್ಲಿ ಮನೆಯವರೆಲ್ಲ ಬಂದು ಸಲಹೆ ಕೊಡುತ್ತಾರೆ. ಹಸಿಮೆಣಸು, ಕೊತ್ತಂಬರಿ, ಅರಸಿನ, ಕರಿಬೇವು. “ಒಂದು ಒಗ್ಗರಣೆಯಾದರೂ ಹಾಕು ಮಾರಾಯ” ಎಂದಳು ಅಕ್ಕ ಫೋನಿನಲ್ಲಿ. ಒಪ್ಪಬೇಡಿ. ಮೆಣಸಿನಕಾಯಿಯನ್ನು ಅಮೆರಿಕದಿಂದ ಹಡಗಿನಲ್ಲಿ ತಂದವರೇ ಸ್ಪೇನಿನವರು, ಆದರೂ ಈ ಆಮ್ಲೆಟ್ಟಿಗೆ ಅದನ್ನು ಹಾಕದೆ ತಡೆದುಕೊಂಡಿದ್ದಾರೆ. ನಮ್ಮಿಂದ ಒಂದು ದಿನ ಆಗುವುದಿಲ್ಲವೇ? (ಆಗುವುದಿಲ್ಲ. ಬದಿಯಲ್ಲಿ ಬೆಳ್ಳುಳ್ಳಿ ಚಟ್ನಿಪುಡಿ ಇಟ್ಟುಕೊಳ್ಳಿ.)

ಅವಸರದವರಿಗೆ ಅಡ್ಡದಾರಿ: ಎಲ್ ಬುಲ್ಲಿ ಎಂಬ ಸ್ಪೇನಿನ ರೆಸ್ಟೊರೆಂಟಿನಿಂದ ಖ್ಯಾತನಾದ ಬಾಣಸಿಗ ಫೆರಾನ್ ಆದ್ರಿಯಾ ಬಟಾಟೆಯ ಬದಲು ಪ್ಯಾಕೆಟ್ ಚಿಪ್ಸನ್ನೇ ಮೊಟ್ಟೆಯಲ್ಲಿ ನೆನೆಸಿ ಇದನ್ನು ಮಾಡಿ ತೋರಿಸಿದ್ದಾನೆ. ಮುಂಬಯಿಯಲ್ಲಿ ನಾವು ಅದಕ್ಕೆ ವೇಫರ್ ಎನ್ನುತ್ತೇವೆ, ಎದುರಿಗೇ ಕರಿದುಕೊಡುವ ಅಂಗಡಿ ಉಪನಗರಗಳಲ್ಲೆಲ್ಲ ಉಂಟು. ಏಕಾದಶಿಗೆ ಉಪವಾಸದ ವೇಫರ್ ಮಾರುವ ಅದೇ ಅಂಗಡಿಯ ಮಾಲು ಮೊಟ್ಟೆಗೂ ಒದಗುತ್ತದೆ ಎಂಬುದನ್ನು ಅಂಗಡಿಯವನಿಗೆ ಹೇಳದಿರುವುದು ಒಳ್ಳೆಯದು.

ಮಗುಚುವುದು

ಪ್ಯಾನಿಗೆ ಒಂದು ಚಮಚ ಎಣ್ಣೆ, ಚೆನ್ನಾಗಿ ಕಾಯಿಸಿ, ಮಿಶ್ರಣ ಸುರಿದು, ಉರಿ ತಗ್ಗಿಸಿ. ನಾಲ್ಕು ನಿಮಿಷಕ್ಕೆ ಅಂಚು ಗಟ್ಟಿ, ನಡು ಇನ್ನೂ ಅಲುಗುತ್ತಿರುತ್ತದೆ. ಈಗ ಮಗುಚಬೇಕು. ಸ್ಪೇನಿನಲ್ಲಿ ಇದಕ್ಕೆಂದೇ ಹಿಡಿಯಿರುವ ತಟ್ಟೆ ಸಿಗುತ್ತದೆ. ನಮಗೆ ಸ್ಟೀಲ್ ತಟ್ಟೆಯೇ ಗತಿ, ಆದರೆ ಅದು ಪ್ಯಾನಿಗಿಂತ ಅಗಲವಿರಬೇಕು, ಅಂಚು ಎತ್ತರವಿರಬಾರದು, ಒಳಮೈ ಸ್ವಲ್ಪ ಒದ್ದೆಯಿರಬೇಕು. ಮೊದಲ ಆದಿತ್ಯವಾರ ನಾನು ತಿಂಡಿ ತಟ್ಟೆ ಮುಚ್ಚಿದ್ದೆ. ಅದು ಪ್ಯಾನಿನೊಳಗೇ ಇಳಿದು ಕುಳಿತಿತು. ಅರ್ಧ ಆಮ್ಲೆಟ್ ಬರ್ನರಿನೊಳಗೆ, ಕಾಲು ಭಾಗ ಮುಂಗೈ ಮೇಲೆ.

ತಟ್ಟೆಯನ್ನು ಪ್ಯಾನಿನ ಮೇಲೆ ಕವುಚಿ, ಸಿಂಕಿನ ಮುಂದೆ ನಿಂತುಕೊಳ್ಳಿ. ಎಡ ಅಂಗೈ ತಟ್ಟೆಯ ಮೇಲೆ, ನಡುವೆ ದಪ್ಪ ಬಟ್ಟೆ, ಬಲಗೈಯಲ್ಲಿ ಹಿಡಿ. ಉಸಿರು ಬಿಗಿಹಿಡಿದು ಒಂದೇ ಏಟಿಗೆ. ಮಧ್ಯದಲ್ಲಿ ಮನಸ್ಸು ಬದಲಾಯಿಸಬೇಡಿ. ಹೊರಟ ಲೋಕಲಿನಿಂದ ಅರ್ಧ ಇಳಿದವನ ಪಾಡಾಗುತ್ತದೆ. ತಟ್ಟೆಯಿಂದ ಮೆಲ್ಲನೆ ಪ್ಯಾನಿಗೆ ಜಾರಿಸಿ, ಅಂಚನ್ನು ಸಟ್ಟುಗದಿಂದ ಒಳಗೆ ಮಡಚಿ, ಇನ್ನು ಮೂರು ನಿಮಿಷ.

ಒಳಗು ಹಸಿಯಾಗಿ ಹರಿಯುವ ಬೆತಾಂಜೋಸ್ ಶೈಲಿಯನ್ನು ನಮ್ಮ ಸೆಖೆಯಲ್ಲಿ ಪ್ರಯತ್ನಿಸಬೇಡಿ. ಹಸಿಮೊಟ್ಟೆಯ ಸಾಲ್ಮೊನೆಲ್ಲಾ ಕಾಟಕ್ಕೆ ಹೆದರಿ ಸ್ಪೇನ್ ಸರಕಾರವೇ 1991ರಲ್ಲಿ ಹೋಟೆಲುಗಳಿಗೆ ಕಟ್ಟಳೆ ಮಾಡಿತ್ತು: ಮೊಟ್ಟೆ 75 ಡಿಗ್ರಿ ಮುಟ್ಟಬೇಕು, ಇಲ್ಲವೆ ಪಾಶ್ಚರೀಕರಿಸಿದ್ದನ್ನೇ ಬಳಸಬೇಕು.

ತೊಂದರೆ ಮತ್ತು ಪರಿಹಾರ

ಮುರಿಯಿತೇ? ಪೂರ್ತಿ ಮುರಿದು ಬುರ್ಜಿ ಎನ್ನಿ. ಬೆಲ್ ಆಯಿತೇ? ಮೊದಲು ಊದಿನಕಡ್ಡಿ, ಆಮೇಲೆ ಬಾಗಿಲು.

ಅತಿಥಿಗಳು ಬಂದಿಲ್ಲವೇ? ಅದು ಈ ಸಾಧನದ ದೋಷವಲ್ಲ. ಹನ್ನೊಂದಕ್ಕೆ ಬರುತ್ತೇವೆಂದ ಅಕ್ಕ, ಭಾವ ಹೊರಟದ್ದು ಮಾಟುಂಗಾದಿಂದ. ಹಳಿ ರಿಪೇರಿಗೆಂದು ಲೋಕಲುಗಳನ್ನು ತಡೆಯುವ ಆದಿತ್ಯವಾರದ ಮೆಗಾಬ್ಲಾಕ್ ಇದ್ದದ್ದು ಮಾಟುಂಗಾ–ಮುಲುಂಡ್ ನಡುವೆ. ಅದು ಶುರುವಾಗುವುದೂ ಹನ್ನೊಂದರ ಸುಮಾರಿಗೇ. ದೋಸೆಯಾಗಿದ್ದರೆ ಹಿಟ್ಟು ಕಾಯುತ್ತ, ಕಾವಲಿ ಕಾಯುತ್ತ, ಹೆಂಡತಿ ಕಾಯುತ್ತ ಇರಬೇಕಿತ್ತು. ಇದು ಹಾಗಲ್ಲ, ತಣಿದ ಮೇಲೇ ರುಚಿ. ಸ್ಪೇನಿನ ಬಾರುಗಳಲ್ಲೂ ಕೌಂಟರಿನ ಮೇಲೆ ತಣ್ಣಗೆ ಕುಳಿತಿರುತ್ತದೆ. ಮುಂಬಯಿಯ ಹವೆಯಲ್ಲಿ ಎರಡು ಗಂಟೆ ಮೀರಿಸದಿದ್ದರೆ ಆಯಿತು.

ಅವರು ಬಂದಾಗ ಒಂದು ಗಂಟೆ ಹತ್ತು ನಿಮಿಷ. ಭಾವ ಎರಡು ತುಂಡು ಮಾತಿಲ್ಲದೆ ತಿಂದರು. ಅಕ್ಕ ಒಂದು ತುಂಡನ್ನು ಚಟ್ನಿಪುಡಿಯಲ್ಲಿ ಹೊರಳಿಸಿ, “ಪರವಾಗಿಲ್ಲ, ಆದರೆ ಒಗ್ಗರಣೆ ಬೇಕಿತ್ತು” ಎಂದಳು. ಉಳಿದ ತುಂಡು ಫ್ರಿಜ್ಜಿಗೆ ಹೋಯಿತು. ಸೋಮವಾರ ಬೆಳಿಗ್ಗೆ ಅದನ್ನು ಬಿಸಿಮಾಡಿ, ಪಾವಿನ ನಡುವೆ ಇಟ್ಟು ಡಬ್ಬಿಗೆ ಹಾಕಿದಳು ಹೆಂಡತಿ. ಹಸಿಮೆಣಸಿನಕಾಯಿ ಎರಡು, ಜೊತೆಗೆ.