ಐದು ನಿಮಿಷದ ಕೊಬ್ಬರಿ

"ತಾತ, ಪತ್ರಿಕೋದ್ಯಮದ ಪ್ರಾಜೆಕ್ಟು. ಉಂಡೆ ಕೊಬ್ಬರಿ ಆಗೋದನ್ನ ವಿಡಿಯೊ ಮಾಡ್ಬೇಕು. ಐದೇ ನಿಮಿಷ."

"ಈಗ್ತಾನೆ ಅಟ್ಟಕ್ಕೆ ಕಾಯಿ ಹಾಕಿದೀನಿ. ಹನ್ನೊಂದು ತಿಂಗಳು ಬಿಟ್ಟು ಬಾರ್ಲಾ."

"ಸೋಮವಾರ ಕೊಡ್ಬೇಕು!"

"ಹಂಗಾದ್ರೆ ಎಳನೀರಿನ ಮೇಲೆ ಮಾಡು."

ಹುಡುಗ ತುರುವೇಕೆರೆಯಲ್ಲೆಲ್ಲ ಬಾಡಿಗೆ ಡ್ರೋನ್ ಹುಡುಕಿ ಬಂದಿದ್ದ. (ಡ್ರೋನಿಗೆ ತೆಂಗಿನ ತುದಿ ಕಾಣುತ್ತದೆ, ಅಟ್ಟಕ್ಕೆ ಏಣಿಯೇ ಬೇಕು.)

ತಾತ ಹೋದ ವರ್ಷದ ಕಾಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ನೀರಿನ ಸದ್ದಿಲ್ಲ, ಗಿಟುಕು ಲೊಟಲೊಟ ಉರುಳಿತು.

"ಇದೇ ಕಣ್ಲಾ ಕೊಬ್ಬರಿ. ಹಿಡ್ಕೊ ಇದನ್ನ."

"ಅದು ಬೇಡ, ಸ್ವಲ್ಪ ಅಳು ತಾತ. ರೈತನ ಬವಣೆ."

"2024ರಾಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಅದನ್ನ ಬರ್ಕೊ."

"ಅಂಕಿಅಂಶ ಬೋರು. ಪಿಟೀಲು ಹಾಕ್ತೀನಿ."

ಸೋಮವಾರ ವಿಡಿಯೊ ಸಲ್ಲಿಕೆಯಾಯಿತು: ತೋಟ ಮೂರು ನಿಮಿಷ, ಸೂರ್ಯಾಸ್ತ ಒಂದು, ಹುಡುಗನ ಹೆಸರು ಒಂದು. ಕೊಬ್ಬರಿ ಇರಲಿಲ್ಲ.