ವಿಷ್ಣು ಟೆಂಪಲ್ಲಿನಲ್ಲಿ ಮಂಗಳಾರತಿ ಎಷ್ಟು ಹೊತ್ತಿಗೆ?

(ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ 1:24,000 ಅಳತೆಯ ಟೋಪೋ ನಕ್ಷೆ ಹಾಳೆಗಳ ಕಟ್ಟು ಮಾತಿಗೆ ಸಿಕ್ಕಿತು. ಷರತ್ತು ಒಂದೇ: ಮಡಿಸುವಾಗ ಹಳೆಯ ಮಡಿಕೆಯಲ್ಲೇ ಮಡಿಸಬೇಕು.)

ಮೈತುಂಬ ಸುಕ್ಕು. ವಯಸ್ಸಾಯಿತೇ?

ಸುಕ್ಕಲ್ಲ ಸ್ವಾಮಿ, ಸಮೋನ್ನತಿ ರೇಖೆ. ಒಂದು ಗೆರೆಯ ಮೇಲೆ ಎಲ್ಲಿ ನಿಂತರೂ ಎತ್ತರ ಒಂದೇ. ಗೆರೆಗಳು ದೂರ ದೂರ ಇದ್ದರೆ ಆರಾಮಾಗಿ ನಡೆಯಿರಿ. ಒಂದಕ್ಕೊಂದು ಅಂಟಿ ಕಂದು ಪಟ್ಟಿಯಾದರೆ ಅದು ಕಡಿಬಂಡೆ. ರೆಡ್‌ವಾಲ್ ಸುಣ್ಣಕಲ್ಲಿನ ಗೋಡೆಯೊಂದೇ ಸುಮಾರು 500 ಅಡಿ. ಅದನ್ನು ನೋಡಿ ಒಬ್ಬರು, "ಬಾರ್ಡರ್ ಚೆನ್ನಾಗಿದೆ" ಅಂದರು.

ಅಂತೂ ಎಲ್ಲವನ್ನೂ ತೋರಿಸುತ್ತೀರಿ.

ಯಾರು ಹೇಳಿದ್ದು? ಗೆರೆಯಿಂದ ಗೆರೆಗೆ 40 ಅಡಿ ಅಂತರವಿದ್ದರೆ, 35 ಅಡಿಯ ಬಂಡೆ ಅವೆರಡರ ನಡುವೆ ಹಾಯಾಗಿ ಅಡಗಿರಬಹುದು. ನೀಲಿಯ ತುಂಡುಗೆರೆ ಕಂಡರೆ ಖಾಲಿ ಬಾಟಲಿ ಹಿಡಿದು ಓಡುತ್ತಾರೆ. ತುಂಡುಗೆರೆ ಅಂದರೆ ಮಳೆ ಬಂದಾಗಷ್ಟೇ ಹಳ್ಳ, ಉಳಿದಂತೆ ಮರಳು.

ದಕ್ಷಿಣದ ಅಂಚಿನಿಂದ ಉತ್ತರದ ಅಂಚಿಗೆ ಬೆರಳಲ್ಲಿ ಅಳೆದರೆ ಹತ್ತಿರವೇ ಇದೆಯಲ್ಲ?

ಬೆರಳು ತೆಗೆಯಿರಿ. ಹದ್ದಿಗೆ ಸುಮಾರು 16 ಕಿ.ಮೀ., ಕಾಲಿಗೆ ಅದರ ಎರಡರಷ್ಟು, ಕಾರಿಗೆ ಹತ್ತಿರ ಹತ್ತಿರ 350. ಬೆಟ್ಟದಲ್ಲಾದರೆ ಸುಸ್ತಾದವನು ಅರ್ಧಕ್ಕೇ ಇಳಿದು ಬರುತ್ತಾನೆ. ಇಲ್ಲಿ ಇಳಿಜಾರು ಮೊದಲು. ಹರಟೆ ಹೊಡೆಯುತ್ತಾ ನದಿ ಮುಟ್ಟುತ್ತಾರೆ, ಆಮೇಲೆ ತಲೆಯೆತ್ತಿ ನೋಡುತ್ತಾರೆ: ಹತ್ತುವುದು 4,000 ಅಡಿಗೂ ಮೇಲೆ. ಇಷ್ಟನ್ನೂ ಗೆರೆಯಲ್ಲೇ ಹೇಳಿದ್ದೆ.

ನಮ್ಮ ಟೆಕ್ಕಿ ಮಿತ್ರರೊಬ್ಬರು ಕೇಳಿಕೊಂಡು ಬಾ ಅಂದಿದ್ದಾರೆ: ವಿಷ್ಣು ಟೆಂಪಲ್ಲಿನಲ್ಲಿ ಮಂಗಳಾರತಿ ಎಷ್ಟು ಹೊತ್ತಿಗೆ?

ಅದು 7,500 ಅಡಿ ದಾಟಿದ ಕಲ್ಲಿನ ಶಿಖರ ಕಣ್ರೀ! 1880ರ ಸುಮಾರಿಗೆ ಬಂದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್‌ಗೆ ಈ ಬಂಡೆಗಳಲ್ಲಿ ಪೂರ್ವದೇಶದ ಗುಡಿ ಗೋಪುರ ಕಂಡವು. ವಿಷ್ಣು, ಶಿವ ಅಂತ ಹೆಸರಿಟ್ಟ. ಆಮೇಲಿನವರು ಬ್ರಹ್ಮ, ರಾಮ, ಕೃಷ್ಣ, ಮನು, ಬುದ್ಧ, ಎಲ್ಲರನ್ನೂ ಕೂರಿಸಿದರು. ಟ್ರಸ್ಟಿಲ್ಲ, ಹುಂಡಿಯಿಲ್ಲ, ವಿಐಪಿ ಸಾಲಿಲ್ಲ. ಚಪ್ಪಲಿ ಬಿಚ್ಚಿದರೆ ಪಾದ ಸುಡುತ್ತದೆ, ಅಷ್ಟೇ. 1937ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದವರು ಶಿವ ಟೆಂಪಲ್ಲಿನ ನೆತ್ತಿಯಲ್ಲಿ ಬೇರೆಲ್ಲೂ ಇಲ್ಲದ ಜೀವಿ ಇದ್ದಾವು ಅಂತ ಹತ್ತಿದರು. ಪತ್ರಿಕೆಗಳಲ್ಲಿ ಡೈನೋಸಾರಿನ ಮಾತೂ ಬಂತು. ಸಿಕ್ಕಿದ್ದು ಸುತ್ತಮುತ್ತ ಇರುವಂಥವೇ ಇಲಿ, ಅಳಿಲು. ಸಾಲದ್ದಕ್ಕೆ ಫೋಟೋಗ್ರಾಫರ್ ಎಮರಿ ಕೋಲ್ಬ್ ಇವರಿಗಿಂತ ಮೊದಲೇ ಹತ್ತಿ ಇಳಿದಿದ್ದ.

ಈಗ ಮೊಬೈಲ್ ಇದೆಯಲ್ಲ, ನಿಮ್ಮ ಅಗತ್ಯವೇನು?

ಕೆಳಗೆ ಟವರ್ ಸಿಗುವುದು ಕಷ್ಟ. 1902ರಲ್ಲಿ ಫ್ರಾಂಸ್ವಾ ಮ್ಯಾಥಿಸ್ ಇಲ್ಲಿ ಅಳತೆ ಶುರುಮಾಡಿ ನಮ್ಮ ಹಿರಿಯರನ್ನು ಕೈಯಲ್ಲೇ ಬಿಡಿಸಿದ. ಚಾರ್ಜರ್ ಕೇಳಲಿಲ್ಲ.

ಹೊರಡುವ ಮುಂಚೆ ಒಂದು ಸೆಲ್ಫಿ?

ಧಾರಾಳವಾಗಿ. ಬೆನ್ನ ಹಿಂದೆ ಎಷ್ಟು ಗೆರೆ ಅಂಟಿಕೊಂಡಿವೆ, ಮೊದಲು ಎಣಿಸಿ.