ದಪ್ಪ ಕಾಲಿನ ಕೌದಿ

ಮದುವೆಯಾಗಿ ಧಾರವಾಡದಿಂದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿಗೆ ಹೊರಟಾಗ ನನ್ನ ಪಾಸ್‌ಪೋರ್ಟಿಗೆ ಎಚ್-4 ಎಂಬ ವೀಸಾ ಅಂಟಿಕೊಂಡಿತ್ತು. ಗಂಡನ ಜೊತೆ ಇರಬಹುದು, ಉಣ್ಣಬಹುದು, ಮಲಗಬಹುದು. ಸಂಬಳಕ್ಕೆ ದುಡಿಯುವ ಹಾಗಿರಲಿಲ್ಲ. ಇದನ್ನು ಅತ್ತೆಗೆ ವಿವರಿಸಿದರೆ, "ಇಂಥಾ ವೀಸಾ ನಮಗ್ಯಾರೂ ಕೊಡಲಿಲ್ಲ ನೋಡವಾ" ಎಂದು ನಿಟ್ಟುಸಿರಿಟ್ಟರು.

ಜನವರಿ ಬಂತು. ಕಿಟಕಿಯಾಚೆ ಹಿಮ, ಈಚೆ ನಾನು. ಹೊತ್ತು ಹೋಗದೆ ಒಂದು ಬೆಳಿಗ್ಗೆ ಲೈಬ್ರರಿಗೆ ಹೋದವಳಿಗೆ ನೆಲಮಾಳಿಗೆಯಿಂದ ನಗು ಕೇಳಿಸಿತು. ಇಳಿದು ನೋಡಿದರೆ ಹತ್ತು ಹೆಂಗಸರು, ಬಹುಪಾಲು ಎಪ್ಪತ್ತು ದಾಟಿದವರು, ಬಣ್ಣಬಣ್ಣದ ಚಿಂದಿ ಹರವಿಕೊಂಡು ಕೂತಿದ್ದಾರೆ. "ಅಯ್ಯ, ಕೌದೀ!" ಎಂದು ಕೂಗಿಬಿಟ್ಟೆ. ನಾನು ಸೀನಿದೆನೆಂದುಕೊಂಡ ಒಬ್ಬಾಕೆ "ಬ್ಲೆಸ್ ಯೂ" ಎಂದಳು.

ಹೀಗೆ ಹರಸಿಕೊಂಡೇ ನಾನು ಕ್ವಿಲ್ಟ್ ಎಂಬ ಅಮೆರಿಕದ ಕೌದಿಯ ಲೋಕಕ್ಕೆ ಕಾಲಿಟ್ಟದ್ದು. ಅವರು ಹರವಿಕೊಂಡದ್ದು ಚಿಂದಿಯಲ್ಲ ಎಂಬುದು ಆಮೇಲೆ ಗೊತ್ತಾಯಿತು. ಗಜಕ್ಕೆ ಹನ್ನೆರಡು ಡಾಲರ್ ಕೊಟ್ಟು ಹೊಸ ಬಟ್ಟೆ ತರುತ್ತಾರೆ, ತೊಳೆದು ಇಸ್ತ್ರಿ ಮಾಡುತ್ತಾರೆ, ಗಾಲಿಯಂಥ ಕತ್ತಿಯಿಂದ ಚೂರುಚೂರು ಮಾಡುತ್ತಾರೆ, ಕೊನೆಗೆ ಆ ಚೂರುಗಳನ್ನು ಕೂಡಿಸಿ ಹೊಲಿಯುತ್ತಾರೆ.

"ಅವರಿಗೆ ಹಳೇ ಸೀರಿ ಇಲ್ಲೇನ?" ಫೋನಿನಲ್ಲಿ ಅವ್ವ ಕೇಳಿದಳು.

"ಅವರು ಸೀರಿ ಉಡೂದಿಲ್ಲವ್ವ."

"ಪಾಪ!"

ಬಟ್ಟೆ ಮಾರುವ ಲೆಕ್ಕವೂ ವಿಚಿತ್ರ. ಕಾಲು ಗಜ ಕೇಳಿದರೆ ಉದ್ದನೆಯ ಪಟ್ಟಿ ಸಿಗುತ್ತದೆ. ಅದರ ಬದಲು ಅರ್ಧ ಗಜವನ್ನು ನಡುವೆ ಸೀಳಿ, 18 ಇಂಚಿಗೆ 22 ಇಂಚಿನ ತುಂಡು ಮಾಡಿದರೆ ಅದು 'ಫ್ಯಾಟ್ ಕ್ವಾರ್ಟರ್'. ಅವ್ವನಿಗೆ ತಿಳಿಯಲೆಂದು "ಇವತ್ತ ದಪ್ಪ ಕಾಲು ನೋಡಿದೆ" ಎಂದು ಶುರು ಮಾಡಿದೆ. ಲೈನು ಕೊರಕೊರ ಅಂದಿತು. "ಯಾರದವಾ? ಉಪ್ಪು ಕಡಿಮಿ ತಿನ್ನಾಕ ಹೇಳಾಕಿಗೆ" ಎಂದು ಅವ್ವ ಫೋನಿಟ್ಟಳು.

ಬಲು ಕಷ್ಟಪಟ್ಟದ್ದು ಕಾಲಿಂಚಿನ ಜೊತೆ. ಕ್ವಿಲ್ಟಿನಲ್ಲಿ ಹೊಲಿಗೆ ಅಂಚಿನಿಂದ ಸರಿಯಾಗಿ ಕಾಲಿಂಚು ಒಳಗಿರಬೇಕು. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವವರು ಅಂಚಿನಿಂದ ಹಿಡಿದು ನಡುವಿನ ತನಕ ಕಣ್ಣಳತೆಯಲ್ಲೇ ದಾರ ಓಡಿಸುತ್ತಿದ್ದರು. ಸಾಲು ಸೊಟ್ಟಾದರೆ ಅದೇ ಚೆಂದ. ನಾನು ಆ ಪರಂಪರೆಯವಳು. ನಡುವೆ ಕೆಂಪು ಚೌಕ, ಸುತ್ತ ಪಟ್ಟಿಗಳನ್ನು ಕೂಡಿಸುತ್ತ ಹೋಗುವ 'ಲಾಗ್ ಕ್ಯಾಬಿನ್' ಎಂಬ ಮರದ ಮನೆಯ ವಿನ್ಯಾಸ ಹೊಲಿದೆ. ಹನ್ನೆರಡು ಇಂಚಿರಬೇಕಾದ್ದು ಒಂದು ಕಡೆ ಹನ್ನೊಂದೂಕಾಲು, ಇನ್ನೊಂದು ಕಡೆ ಹನ್ನೆರಡೂವರೆ. ನೆರೆಗೆ ಸಿಕ್ಕ ಗುಡಿಸಲಿನ ಹಾಗೆ ವಾಲಿ ನಿಂತಿತು. ಎಲ್ಲರೂ ಒಂದೇ ದನಿಯಲ್ಲಿ "ರಿಪ್ ಇಟ್, ರಿಪ್ ಇಟ್" ಎಂದರು. ಬಿಚ್ಚು ಎಂದರ್ಥ, ಅಮೆರಿಕದ ಕಪ್ಪೆಗಳೂ ಹಾಗೇ ಕೂಗುತ್ತವಂತೆ, ಆದ್ದರಿಂದ ಹೀಗೆ ಬಿಚ್ಚುವುದಕ್ಕೆ ಕಪ್ಪೆ ಹೊಲಿಗೆ ಎಂದು ಹೆಸರು. ನಮ್ಮ ಕಪ್ಪೆಗಳು ವಟಗುಟ್ಟುತ್ತವೆಯೇ ಹೊರತು ಇಷ್ಟು ಖಡಾಖಂಡಿತವಾಗಿ ಆಜ್ಞೆ ಮಾಡುವುದಿಲ್ಲ.

ಗುಂಪಿನ ಯಜಮಾನಿಗೆ ಎಪ್ಪತ್ತೆಂಟು. ಹೆಸರು ಹಿಡಿದು ಕರೆಯೆಂದರೆ ನನ್ನ ನಾಲಿಗೆ ಏಳಲಿಲ್ಲ. ಮೂರು ವಾರ ಕೆಮ್ಮಿ ಕೆಮ್ಮಿ ಕರೆದು, ಸಾಕಾಗಿ "ಅಜ್ಜಿ" ಎಂದೆ. ಅರ್ಥ ಕೇಳಿ ಖುಷಿಪಟ್ಟರು. ಮುಂದಿನ ವಾರ ಎಲ್ಲರ ಬಾಯಲ್ಲೂ ಅವರು 'ಆಜೀ', ಅವರಿಗಿಂತ ನಾಲ್ಕು ವರ್ಷ ದೊಡ್ಡಾಕೆಯ ಬಾಯಲ್ಲಿಯೂ.

ಹೊಲಿಯುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಣ್ಣಿಗೆ ಸೂಜಿಯ ಕೆಲಸ, ಹೀಗಾಗಿ ಬಾಯಿಗೆ ಸ್ವಾತಂತ್ರ್ಯ. ಪಾರ್ಟಿಗಳಲ್ಲಿ ಎದುರಿನವರ ಕಣ್ಣು ನೋಡಿದರೇ ಉಡುಗಿಹೋಗುತ್ತಿದ್ದ ನನ್ನ ಇಂಗ್ಲಿಷು ಇಲ್ಲಿ ಬಟ್ಟೆ ನೋಡುತ್ತ ಸಲೀಸಾಗಿ ಬಂತು. ಒಬ್ಬಾಕೆ ಗಂಡನ ಗೊರಕೆಯನ್ನು ಬಯ್ದಳು. ಇನ್ನೊಬ್ಬಾಕೆ, "ಮಗ ಫೋನ್ ಮಾಡಿ ನಾಲ್ಕು ವರ್ಷವಾಯಿತು, ಆ ಕೆಂಪು ದಾರ ಇತ್ತ ಕೊಡು" ಎಂದಳು, ಒಂದೇ ಉಸಿರಿನಲ್ಲಿ. ದಾರ ಕೊಟ್ಟೆ. ಅವಳು ಸೂಜಿಗೆ ಪೋಣಿಸಲು ಆರು ಸಲ ನೋಡಿದಳು. ಆಮೇಲೆ ನಾನೇ ಪೋಣಿಸಿದೆ.

ಒಮ್ಮೆ ಅಜ್ಜಿ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕ್ವಿಲ್ಟುಗಳ ಪುಸ್ತಕ ತಂದರು. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದ ಹೊಲಿದದ್ದು. 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂ ಏರಿ, 2006ರಲ್ಲಿ ಅಂಚೆಚೀಟಿಯನ್ನೂ ಏರಿದವು. ಅಬ್ಬಾ, ಇವರದು ಹಳೇ ಬಟ್ಟೆ! ಕೌದಿಯ ಮಾನ ಉಳಿಯಿತು ಎಂದು ನಾನು ಯಲ್ಲಾಪುರ, ಹಳಿಯಾಳದ ಸಿದ್ದಿಯರ ಕೌದಿಗಳನ್ನು ಫೋನಿನಲ್ಲಿ ತೋರಿಸಿದೆ. ಇವರೂ ಆಫ್ರಿಕಾದ ಬೇರಿನವರೇ, ಮೂಲೆಗೆ ಮಡಚಿದ ಬಟ್ಟೆಯ ಹೂವಿಟ್ಟು ಹೊಲಿಯುತ್ತಾರೆ ಎಂದೆ. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇವರಿಗೆ ಕಾಲಿಂಚು ಬೇಡವೇ?" ಎಂದರು, ತುಸು ಅಸೂಯೆಯಿಂದ.

ನಮ್ಮ ಗುಂಪೂ ಒಂದು ಕೌದಿ ಹೊಲಿಯಲೆಂದು ಅವ್ವ ಎರಡು ಹಳೇ ಇಳಕಲ್ ಸೀರೆ ಕಳಿಸಿದಳು. ಹನ್ನೊಂದೂ ಜನ ಸುತ್ತ ಕೂತು ಕೈಯಲ್ಲೇ ಹೊಲಿದೆವು, ಕಾಲಿಂಚಿಗೆ ರಜೆ ಕೊಟ್ಟು. ಕೊನೆಯ ಗೇಣು ಉಳಿದಾಗ ನಮ್ಮಜ್ಜಿ ಮಾಡುತ್ತಿದ್ದದ್ದು ನೆನಪಾಯಿತು: ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಒಳಗೊಂದು ರೊಟ್ಟಿಚೂರು ಇಟ್ಟೇ ಹೊಲಿಗೆ ಮುಗಿಸುತ್ತಿದ್ದರು. ಹೇಳಿದೆ. "ಇಲಿ ಬರುತ್ತವೆ" ಎಂದು ಗೊರಕೆ ಗಂಡನಾಕೆ ಆಕ್ಷೇಪಿಸಿದಳು. ಗುಂಪಿನ ಅಜ್ಜಿ ಚೀಲದಲ್ಲಿ ಕೈಯಾಡಿಸಿ ಒಂದು ಬಿಸ್ಕತ್ತು ತೆಗೆದು, ಇದು ನಡೆಯುತ್ತದೋ ಕೇಳು ಎಂದರು. ಬೆಳಗಿನ ಹತ್ತು ಗಂಟೆ. ಅಲ್ಲಿ ಅವ್ವನಿಗೆ ಊಟದ ಹೊತ್ತು. ಸ್ಪೀಕರ್ ಹಾಕಿ ಕೇಳಿದೆ.

"ನಡೀತದ, ಇಡ್ರಿ" ಎಂದಳು ಅವ್ವ. "ಅದಿರ್ಲಿ, ಆ ದಪ್ಪ ಕಾಲಿನಾಕಿ ಉಪ್ಪು ಬಿಟ್ಟಳೇನ?"